ರಘು, ಶೈಲ ಮತ್ತು ದಪ್ಪ ಮಕ್ಕಳ ಲೆಕ್ಕ

ಮಕ್ಕಳನ್ನು ತೂಕ ಮಾಡುವುದರಲ್ಲಿ ಅಂಥ ಘನಂದಾರಿ ವಿದ್ಯೆ ಏನಿದೆ? ಮಗುವನ್ನು ಮಷೀನಿನ ಮೇಲೆ ನಿಲ್ಲಿಸುವುದು, ಮುಳ್ಳು ನೋಡುವುದು, ಬರೆದುಕೊಳ್ಳುವುದು. ತರಕಾರಿಯವನು ದಿನಕ್ಕೆ ನೂರು ಸಲ ಮಾಡುವ ಕೆಲಸ. ಬಿ.ಎ. ಪಾಸು ಮಾಡಿದ ನನ್ನ ಕೈಯಲ್ಲಿ ಆಗುವುದಿಲ್ಲವೇ? ಇಷ್ಟು ಧೈರ್ಯದಿಂದ ನಾನು ಆ ಕೆಲಸಕ್ಕೆ ಸೇರಿದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸೊರಗಿದ ಮಕ್ಕಳ ಲೆಕ್ಕ ಸರ್ಕಾರದ ಹತ್ತಿರ ಬೇಕಾದಷ್ಟಿತ್ತು. ದಪ್ಪ ಮಕ್ಕಳ ಲೆಕ್ಕ ಯಾರೂ ಇಟ್ಟಿರಲಿಲ್ಲ. ರಾಜ್ಯದ ಪಟ್ಟಣಗಳಲ್ಲಿ ಮಕ್ಕಳು ಊದಿಕೊಳ್ಳುತ್ತಿದ್ದಾರೆಯೇ, ಊದಿಕೊಂಡರೆ ಎಷ್ಟು, ಎಂದು ತಿಳಿಯುವ ಆಸೆ ನಮ್ಮ ಆಫೀಸಿಗೆ ಹುಟ್ಟಿತು. ಒಂದು ಸಲ ತೂಗಿದ ಮಕ್ಕಳನ್ನೇ ಆರು ತಿಂಗಳು ಬಿಟ್ಟು ಮತ್ತೆ ತೂಗಬೇಕು. ನನ್ನ ಪಾಲಿಗೆ ಬಂದದ್ದು ಶ್ರೀನಗರ ಬಡಾವಣೆಯ ನಾಲ್ಕು ರಸ್ತೆ.

ನನ್ನದು ಹಂಗಾಮಿ ನೌಕರಿ. ಮೊದಲ ಸುತ್ತಿನ ರಿಜಿಸ್ಟರು ತುಂಬಿದರೆ ಕೆಲಸದ ಆರ್ಡರು ಮುಂದುವರಿಯುತ್ತದೆ, ಇಲ್ಲದಿದ್ದರೆ ತಿಪಟೂರಿನ ಅಣ್ಣನ ಮನೆಗೆ ವಾಪಸ್ಸು. ಅಲ್ಲಿ ಊಟಕ್ಕೇನೂ ಕೊರತೆಯಿರಲಿಲ್ಲ. ಆದರೆ ಮನೆಗೆ ಬಂದವರಿಗೆಲ್ಲ ಅತ್ತಿಗೆ ನನ್ನನ್ನು ತೋರಿಸಿ, "ಇವಳೊಬ್ಬಳು ಉಳ್ಕೊಂಡ್ಬಿಟ್ಲು" ಅನ್ನುತ್ತಿದ್ದರು, ಹಿಂದಿನ ದಿನದ ಉಪ್ಪಿಟ್ಟಿನ ವಿಷಯ ಹೇಳಿದ ಹಾಗೆ. ನನಗಾಗ ಮೂವತ್ತಾರು ವಯಸ್ಸು. ಬನಶಂಕರಿಯಲ್ಲಿ ನನ್ನದೇ ಒಂದು ರೂಮು ಇತ್ತು. ಅದರಲ್ಲಿ ಒಂದು ಸೀಮೆಎಣ್ಣೆ ಸ್ಟವ್, ಒಂದು ತಟ್ಟೆ, ಒಂದು ಲೋಟ. ಆ ಒಂದು ಲೋಟವನ್ನು ಉಳಿಸಿಕೊಳ್ಳಲು ನಾನು ಏನು ಬೇಕಾದರೂ ಮಾಡಲು ತಯಾರಿದ್ದೆ. ಮಾಡಿಯೂ ಬಿಟ್ಟೆ.

ಮೊದಲ ದಿನ ತೂಕದ ಮಷೀನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋದೆ. ಮೊದಲ ಮನೆಯ ಅಂಗಳದಲ್ಲಿ ಒಬ್ಬ ಹುಡುಗ, ನಮ್ಮ ಸರ್ವೆಗೆಂದೇ ಮಾಡಿಸಿದ ಹಾಗೆ ಗುಂಡಗೆ ಕೂತಿದ್ದ. ನನಗೆ ಸಂತೋಷ ತಡೆಯಲಿಲ್ಲ. "ಎಷ್ಟು ದಪ್ಪ ಇದಾನಲ್ರೀ ನಿಮ್ಮ ಮಗ!" ಅಂದುಬಿಟ್ಟೆ.

ತಾಯಿ ನನ್ನ ಮುಖ ನೋಡಿದರು. ಆಮೇಲೆ ಕತ್ತು ನೋಡಿದರು. ಕತ್ತಿನಲ್ಲಿ ಏನೂ ಇರಲಿಲ್ಲ.

"ನಿಮಗೆಷ್ಟು ಮಕ್ಕಳು?"

"ನನಗೆ ಮಕ್ಕಳಿಲ್ಲ."

ಹುಡುಗ ಒಳಗೆ ಹೋದ. ಹೋದ ಅನ್ನುವುದಕ್ಕಿಂತ ಎಳೆಯಲ್ಪಟ್ಟ. ನಾನು ಗೇಟು ದಾಟುವಷ್ಟರಲ್ಲಿ ಆಕೆ ನನ್ನ ಹೆಜ್ಜೆ ಬಿದ್ದ ಜಾಗದಿಂದ ಒಂದು ಚಿಟಿಕೆ ಮಣ್ಣು ತೆಗೆದು, ಉಪ್ಪು ಮೆಣಸಿನಕಾಯಿ ಸೇರಿಸಿ, ಮಗನಿಗೆ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಸುಟ್ಟರೂ ಘಾಟೇ ಬರಲಿಲ್ಲವಂತೆ. ಅಂದರೆ ದೃಷ್ಟಿ ಅಷ್ಟು ಕೆಟ್ಟದ್ದು! ಈ ಸುದ್ದಿ ನನಗಿಂತ ಮುಂಚೆ ಮುಂದಿನ ಮನೆ ತಲುಪಿತ್ತು. ಆ ರಸ್ತೆಯಲ್ಲಿ ಅವತ್ತು ಒಂದು ಮಗುವೂ ನನ್ನ ಕಣ್ಣಿಗೆ ಬೀಳಲಿಲ್ಲ. ಇದ್ದವರೆಲ್ಲ ಅಜ್ಜಿಯ ಊರಿಗೆ ಹೋಗಿದ್ದರು, ಶಾಲೆ ನಡೆಯುತ್ತಿದ್ದ ತಿಂಗಳಿನಲ್ಲಿ.

ಮರುದಿನ ಗಾಂಧಿಬಜಾರಿಗೆ ಹೋಗಿ ಒಂದು ಕರಿಮಣಿ ಸರ ತಗೊಂಡೆ.

"ಯಾರಿಗೆ ಮೇಡಂ?" ಅಂದ ಅಂಗಡಿಯವನು.

"ಆಫೀಸ್ ಕೆಲಸಕ್ಕೆ" ಅಂದೆ.

ಹಿಂದಿನ ದಿನದ ರಸ್ತೆ ಬಿಟ್ಟು ಆ ಕಡೆಯ ಕೊನೆ ರಸ್ತೆಯಿಂದ ಶುರು ಮಾಡಿದೆ. ಅಲ್ಲಿ ಸಾವಿತ್ರಮ್ಮ ಅಂತ ಒಬ್ಬರು. ಅವರು ಒಪ್ಪಿದರೆ ರಸ್ತೆ ಒಪ್ಪಿದ ಹಾಗೆ. ಅವರ ಮಗಳು ಪಮ್ಮಿ, ಏಳು ವರ್ಷ, ಕೆನ್ನೆ ಎರಡೂ ಬನ್ನು.

"ಮಕ್ಕಳು ದಪ್ಪ ಇದ್ರೆ ಸರ್ಕಾರಕ್ಕೇನ್ರೀ ಕಷ್ಟ?" ಅಂದರು ಸಾವಿತ್ರಮ್ಮ. "ನೀವು ಬರ್ಕೊಂಡು ಹೋಗೋದು, ಆಮೇಲೆ ಅವರು ರೇಷನ್ ಸಕ್ಕರೆ ಕಡಿಮೆ ಮಾಡೋದು. ನಮಗೆ ಗೊತ್ತಿಲ್ವಾ?"

ಸಕ್ಕರೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಪ್ರಮಾಣ ಮಾಡಿದೆ. ಆಮೇಲೆ ಬರಬೇಕಾದ ಪ್ರಶ್ನೆ ಬಂತು. ನಾನು ಸಿದ್ಧಳಾಗಿದ್ದೆ.

"ಇಬ್ಬರು. ರಘು, ಒಂಬತ್ತು ವರ್ಷ. ಶೈಲ, ಆರು. ನಮ್ಮ ಯಜಮಾನರು ಬೊಂಬಾಯಲ್ಲಿದಾರೆ, ಕೆಲಸ."

ಗಂಡನಿಗೆ ಹೆಸರಿಡುವ ಗೋಜಿಗೆ ಹೋಗಲಿಲ್ಲ. ಗಂಡನ ಹೆಸರು ಬಾಯಿಬಿಟ್ಟು ಹೇಳದಿರುವ ನಮ್ಮ ಹೆಂಗಸರ ಪದ್ಧತಿ ಎಷ್ಟು ಅನುಕೂಲದ್ದು ಎಂದು ಅವತ್ತು ತಿಳಿಯಿತು.

ಸಾವಿತ್ರಮ್ಮನ ಮುಖ ಅರಳಿತು. ಆದರೂ ಒಂದು ಷರತ್ತು ಹಾಕಿದರು. "ಹಾಗಿದ್ರೆ ಮೊದಲು ನಿಮ್ಮ ಮಕ್ಕಳದು ಬರೀರಿ, ಆಮೇಲೆ ನಮ್ಮ ಪಮ್ಮಿದು. ದೃಷ್ಟಿ ಅನ್ನೋದು ಮೊದಲನೇ ಹೆಸರಿಗೆ ತಾಗತ್ತೆ."

ರಿಜಿಸ್ಟರಿನಲ್ಲಿ ಪೆನ್ಸಿಲ್ ಮುಟ್ಟಬಾರದು ಎಂದು ಆಫೀಸಿನ ಕಟ್ಟಪ್ಪಣೆ. ಪೆನ್ನಿನಲ್ಲೇ ಬರೆದೆ. ಒಂದನೇ ನಂಬರು ರಘು, ಎರಡನೇ ನಂಬರು ಶೈಲ, ವಿಳಾಸ ನನ್ನ ರೂಮಿನದು. ತೂಕ ಎಷ್ಟೆಂದು ಬರೆಯುವುದು? ಚೀಲದಲ್ಲಿ ಆಫೀಸಿನ ಚಾರ್ಟು ಇತ್ತು. ಆ ವಯಸ್ಸಿಗೆ ಎಷ್ಟು ತೂಕ, ಎಷ್ಟು ಎತ್ತರ ಇರಬೇಕೋ ಅಷ್ಟನ್ನೇ ಇಳಿಸಿದೆ. ನನ್ನ ಮಕ್ಕಳಿಗೆ ಯಾಕೆ ಕಡಿಮೆ ಮಾಡಲಿ?

ಅಲ್ಲಿಂದಾಚೆ ಬಾಗಿಲುಗಳು ತಾವೇ ತೆಗೆದುಕೊಂಡವು. ಪ್ರತಿ ಮನೆಯಲ್ಲೂ ಮೊದಲ ಪುಟ ತೋರಿಸುವುದು, ತಾಯಂದಿರು ಸಮಾಧಾನವಾಗಿ ತಲೆಯಾಡಿಸುವುದು, ಮಗು ಮಷೀನು ಹತ್ತುವುದು. ಮಂಗಳವಾರ, ಶುಕ್ರವಾರ ತೂಗುವ ಹಾಗಿಲ್ಲ. ಅಮಾವಾಸ್ಯೆಯ ಮಾತೇ ಬೇಡ. ತೂಕವನ್ನು ಗಟ್ಟಿಯಾಗಿ ಹೇಳಬಾರದು, ಬರೆದ ಮೇಲೆ ನಾನು ಒಂದು ಸಲ "ಥೂ" ಅನ್ನಬೇಕು. ಸರ್ಕಾರದ ಪರವಾಗಿ ನಾನು ಶ್ರೀನಗರದ ಮಕ್ಕಳನ್ನೆಲ್ಲ ಉಗಿದು ಬಂದೆ. ಮೊದಲ ದಿನದ ರಸ್ತೆಯವರೂ ಸಾವಿತ್ರಮ್ಮನ ಮಾತಿಗೆ ಒಪ್ಪಿದರು, ನಾನು ಮಕ್ಕಳಿಲ್ಲ ಅಂದದ್ದು ದೃಷ್ಟಿಗೆ ಹೆದರಿಯಂತೆ. ಆ ಮೊದಲ ಮನೆಯೊಂದು ಮಾತ್ರ ಕೊನೆಗೂ ಬಾಗಿಲು ತೆಗೆಯಲಿಲ್ಲ. "ಮನೆಗೆ ಬೀಗ" ಎಂದು ಬರೆದೆ.

ಆದರೆ ಮಕ್ಕಳನ್ನು ಹೆರುವುದು ಸುಲಭ, ಸಾಕುವುದು ಕಷ್ಟ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. "ಶೈಲಂಗೆ ಕೊಡಿ" ಅಂತ ಒಬ್ಬರು ರವೆ ಉಂಡೆ ಕಟ್ಟಿಕೊಟ್ಟರು. "ರಘುಗೆ ಕೋಡುಬಳೆ ಇಷ್ಟಾನಾ?" ಅಂತ ಇನ್ನೊಬ್ಬರು. ರಘು ಗಣಿತದಲ್ಲಿ ಸ್ವಲ್ಪ ಹಿಂದೆ ಎಂದು ಎಲ್ಲೋ ಬಾಯಿ ತಪ್ಪಿ ಹೇಳಿದ್ದೆ. ಸಾವಿತ್ರಮ್ಮನ ಯಜಮಾನರು ಹೈಸ್ಕೂಲ್ ಮೇಷ್ಟ್ರು. ಭಾನುವಾರ ಕಳಿಸಿ, ನಾನೇ ಹೇಳಿಕೊಡ್ತೀನಿ ಅಂದರು. ಎಂಟು ಭಾನುವಾರ ಎಂಟು ಕಾರಣ ಹೇಳಿದೆ. ಒಂದು ಭಾನುವಾರ ರಘು ಮರದಿಂದ ಬಿದ್ದ. ಅವತ್ತು ನನಗೇ ಗಾಬರಿಯಾಗಿತ್ತು.

ಸಂಜೆ ರೂಮಿಗೆ ಬಂದು ಪೊಟ್ಟಣ ಬಿಚ್ಚುತ್ತಿದ್ದೆ. ಮೊದಮೊದಲು ಸುಮ್ಮನೆ ತಿಂದೆ. ಆಮೇಲಾಮೇಲೆ ಎರಡು ಪಾಲು ಮಾಡಿ, ಇದು ಅವನದು, ಇದು ಅವಳದು ಎಂದು ಇಟ್ಟು, ಸ್ವಲ್ಪ ಹೊತ್ತು ಕಾದು, ಎರಡನ್ನೂ ನಾನೇ ತಿನ್ನುತ್ತಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ನನಗೆ ಆ ದಿನಗಳಲ್ಲಿ ಸುಖವಿತ್ತು. ಒಬ್ಬಳೇ ಇದ್ದೇನೆ ಅನ್ನುವುದು ಅಷ್ಟಾಗಿ ಕಾಡುತ್ತಿರಲಿಲ್ಲ. ಸುತ್ತು ಮುಗಿದಾಗ ಒಂದು ದಿನ ಮಷೀನು ಹತ್ತಿ ನೋಡಿಕೊಂಡೆ. ಇಡೀ ಸರ್ವೆಯಲ್ಲಿ ಊದಿಕೊಂಡವಳು ನಾನೊಬ್ಬಳೇ!

ರಿಜಿಸ್ಟರು ಒಪ್ಪಿಸಿ ಹದಿನೈದು ದಿನವಾಗಿರಬೇಕು. ಆಫೀಸರು ನರಸಿಂಗರಾಯರು ಕರೆಸಿದರು. ನಗುವುದು ಸೇವಾ ನಿಯಮಕ್ಕೆ ವಿರುದ್ಧ ಎಂದು ನಂಬಿದ್ದ ಮನುಷ್ಯ. ಅವತ್ತು ನಗುತ್ತಿದ್ದರು.

"ಬನ್ನಿ, ಬನ್ನಿ. ನಿಮ್ಮ ವಾರ್ಡಲ್ಲಿ ಒಂದು ಅದ್ಭುತ ಆಗಿದೆ. ಚಾರ್ಟಿಗೂ ಮಕ್ಕಳಿಗೂ ಒಂದು ಗ್ರಾಂ ವ್ಯತ್ಯಾಸ ಇಲ್ಲ. ಇಬ್ಬರು, ಅಣ್ಣ ತಂಗಿ. ಬುಧವಾರ ದೊಡ್ಡ ಸಾಹೇಬರು ಬರ್ತಾರೆ. ಆ ಮಕ್ಕಳನ್ನ ಕರ್ಕೊಂಡು ಬನ್ನಿ. ಆದರ್ಶ ಮಕ್ಕಳು ಅಂತ ಫೋಟೋ ಹಾಕೋಣ."

"ಸಾರ್, ಅವರಿಗೆ ಸೀತಾಳೆ ಸಿಡುಬು."

"ಅಯ್ಯೋ ಪಾಪ. ಹಾಗಾದ್ರೆ ನಮ್ಮ ಡಾಕ್ಟರನ್ನೇ ಕಳಿಸೋಣ. ವಿಳಾಸ..." ರಾಯರು ರಿಜಿಸ್ಟರು ನೋಡಿದರು. ಪಕ್ಕದಲ್ಲಿದ್ದ ನನ್ನ ಫೈಲು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಎರಡನ್ನೂ ನೋಡಿದರು. "ಇದು ನಿಮ್ಮ ವಿಳಾಸ ಅಲ್ವೇನಮ್ಮ?"

ಎಲ್ಲ ಹೇಳಿದೆ. ಮೆಣಸಿನಕಾಯಿ, ಕರಿಮಣಿ, ಬೊಂಬಾಯಿ, ರವೆ ಉಂಡೆ, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಮನಸ್ಸಿನಲ್ಲೇ ತಿಪಟೂರಿಗೆ ಟ್ರಂಕು ಕಟ್ಟುತ್ತಿದ್ದೆ. ರಾಯರು ರಿಜಿಸ್ಟರಿನ ಮುಂದಿನ ಪುಟ ತಿರುವಿದರು.

"ಉಳಿದ ಮಕ್ಕಳು?"

"ಎಲ್ಲ ನಿಜ ಸಾರ್. ನಾನೇ ನಿಲ್ಲಿಸಿ ತೂಗಿದೀನಿ."

"ಬೇರೆ ವಾರ್ಡಿನವರು ಅರ್ಧ ರಸ್ತೆಗೂ ಮನೆಗೆ ಬೀಗ ಅಂತ ಬರ್ಕೊಂಡು ಬಂದಿದಾರೆ" ಅಂದರು. "ನಿಮ್ಮದು ಒಂದೇ ಮನೆ." ಆಮೇಲೆ ಕೆಂಪು ಪೆನ್ನು ನನ್ನ ಕಡೆ ತಳ್ಳಿದರು. "ಆ ಇಬ್ಬರನ್ನೂ ಹೊಡೆದುಹಾಕಿ. ಕಾರಣ ಬರೆದು ಸಹಿ ಹಾಕಿ. ಮೂರರಿಂದ ಮುಂದಿನವರನ್ನ ಇಟ್ಕೊಳ್ಳೋಣ."

ಕಾರಣದ ಕಾಲಂನಲ್ಲಿ ಮೂರೇ ಆಯ್ಕೆ: ಮರಣ, ವಲಸೆ, ದಾಖಲೆ ತಪ್ಪು. ಬರೆಯಬೇಕಾದದ್ದು ಮೂರನೆಯದು. ಬಿ.ಎ. ಪಾಸಾದ ಯಾರಿಗಾದರೂ ಗೊತ್ತಾಗುತ್ತದೆ. ಶೈಲಳ ಹೆಸರಿನ ಮೇಲೆ ಎಳೆದ ಗೆರೆ ವಕ್ರವಾಯಿತು. "ತಪ್ಪು" ಅಂತ ಆ ಮಕ್ಕಳ ಮುಂದೆ ಬರೆಯಲು ನನ್ನಿಂದ ಆಗಲಿಲ್ಲ. "ವಲಸೆ" ಎಂದು ಬರೆದೆ. ರಾಯರು ಓದಿದರು, ಮುದ್ರೆ ಒತ್ತಿದರು. ನನ್ನ ಆರ್ಡರು ಮುಂದುವರಿಯಿತು. ರೂಮು ಉಳಿಯಿತು, ಲೋಟವೂ ಉಳಿಯಿತು. ಅವತ್ತು ಸಂಜೆ ಅದರಲ್ಲಿ ಕಾಫಿ ಕುಡಿಯುತ್ತಾ ಕೂತಾಗ ರೂಮು ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಆರು ತಿಂಗಳಿಗೆ ಎರಡನೇ ಸುತ್ತು ಬಂತು. ಅದೇ ರಸ್ತೆ, ಅದೇ ಮಕ್ಕಳು, ಕತ್ತಿನಲ್ಲಿ ಅದೇ ಕರಿಮಣಿ. ಸಾವಿತ್ರಮ್ಮ ಬಾಗಿಲಲ್ಲೇ ಕೇಳಿದರು. "ನಿಮ್ಮ ಮಕ್ಕಳು ಈಗೆಷ್ಟು ಬೆಳೆದ್ರು? ತೋರ್ಸಿ ನೋಡೋಣ."

"ಇಬ್ಬರನ್ನೂ ಮೈಸೂರಲ್ಲಿ ಹಾಸ್ಟೆಲಿಗೆ ಬಿಟ್ಟಿದೀನಿ ರೀ. ಹೆಸರು ತೆಗೆದುಬಿಟ್ಟೆ."

"ಅಯ್ಯೋ, ಅಷ್ಟು ಚಿಕ್ಕ ಮಕ್ಕಳನ್ನಾ? ಬಿಟ್ಟಿರಕ್ಕೆ ಹೆಂಗ್ರೀ ಮನಸ್ಸು ಬಂತು?"

ನಾನು ನಗಬೇಕೆಂದುಕೊಂಡೆ. ಅದರ ಬದಲು ಅಳು ಬಂತು. ಇಲ್ಲದ ಮಕ್ಕಳಿಗಾಗಿ, ಸರ್ಕಾರಿ ಡ್ಯೂಟಿಯ ಮೇಲೆ, ತೂಕದ ಮಷೀನಿನ ಪಕ್ಕದಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಮ್ಮಿ ನೀರು ತಂದುಕೊಟ್ಟಳು. ಸಾವಿತ್ರಮ್ಮ ಬೆನ್ನು ಸವರಿದರು.

"ಹೋಗ್ಲಿ ಬಿಡಿ, ಓದಕ್ಕೆ ತಾನೆ ಹೋಗಿರೋದು. ಕಾಗದ ಗೀಗದ ಬರೀತಾರಾ?"

"ಇಲ್ಲ ರೀ" ಅಂದೆ. "ಒಂದೂ ಬಂದಿಲ್ಲ."

ಕರಿಮಣಿ ಹಾಕಿಕೊಂಡ ಮೇಲೆ ಶ್ರೀನಗರದ ನಾಲ್ಕೂ ರಸ್ತೆಯಲ್ಲಿ ನನ್ನ ಸಂಸಾರದ ಬಗ್ಗೆ ನಾನು ಕೊಟ್ಟ ಮಾಹಿತಿಯಲ್ಲಿ ಅದೊಂದು ಮಾತ್ರ ನಿಜ.