ಮರಿ ಜೆಸಿಬಿಯೂ ಬಚ್ಚಲ ನೀರೂ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ ಒಂದು ಗುಂಡಿ ತೋಡುವುದು ಎಷ್ಟರ ಕೆಲಸ! ಹಾಗಂತ ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ನಿವೃತ್ತಿಯಾದ ಮೇಲೆ ಬೇರೆ ಹೆಂಗಸರು ಧಾರಾವಾಹಿ ನೋಡುತ್ತಾರೆ. ನಾನು ಮೊಬೈಲಿನಲ್ಲಿ ಮಣ್ಣು ಅಗೆಯುವ ಯಂತ್ರಗಳನ್ನು ನೋಡುತ್ತೇನೆ. ಅದರಲ್ಲೂ ಮರಿ ಜೆಸಿಬಿ ಕಂಡರೆ ಎಳೆಗರು ಕಂಡಷ್ಟೇ ಮುದ್ದು. ಹಾಗಾಗಿ, ಹನಕೆರೆಯ ನಮ್ಮ ಮನೆಯ ಬಚ್ಚಲ ನೀರು ಪಕ್ಕದ ಕೆಂಪಮ್ಮನ ಕೊಟ್ಟಿಗೆಗೆ ನುಗ್ಗಿದ ದಿನ ನನಗೆ ಒಳಗೊಳಗೇ ಖುಷಿ.

"ಸೋಮಾರದೊಳ್ಗೆ ಸರಿ ಮಾಡಿಸ್ನಿಲ್ಲ ಅಂದ್ರೆ ಪಂಚಾಯ್ತಿಗೋಯ್ತೀನಿ ಕಣ್ ಟೀಚರಮ್ಮ!" ಎಂದು ಅವಳು ಗುಡುಗಿದಳು.

ಮರಿ ಜೆಸಿಬಿ ತರಿಸಿ ಇಂಗುಗುಂಡಿ ತೋಡಿಸುವುದೆಂದು ತೀರ್ಮಾನಿಸಿದೆ.

"ಇಬ್ರು ಆಳು ಕರುದ್ರೆ ಮದ್ಯಾನಕ್ಕೆ ಮುಗ್ದೋಯ್ತದೆ," ಅಂದರು ನಮ್ಮ ಯಜಮಾನರು.

"ಯಂತ್ರದ ವಿಷಯ ನಿಮಗೇನು ಗೊತ್ತು? ಸುಮ್ನಿರಿ!"

ಭಾನುವಾರ ಬೆಳಿಗ್ಗೆ ಮದ್ದೂರಿನಿಂದ ಮರಿ ಜೆಸಿಬಿ ಬಂತು. ಮನೆ ಪಕ್ಕದ ಸಂದಿಯಲ್ಲಿ ನುಸುಳಿ, ಹಿತ್ತಿಲು ದಾಟಿ, ಹಿಂದಿನ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ನಿಂತಿತು. ಡ್ರೈವರ್ ನಾಗಣ್ಣ ಒಂದು ಗಂಟೆಯಲ್ಲಿ ಗಾಡಿಯ ಮುಂದೆ ಎದೆಮಟ್ಟದ ಗುಂಡಿ ತೋಡಿಬಿಟ್ಟ.

"ನಾಗಣ್ಣ, ನಾನೂ ಎರಡು ಬಕೆಟ್ ತೆಗೀಲಾ?"

"ಬನ್ನಿ ಅವ್ವಾರೆ, ಇದೇನ್ ದೊಡ್ ವಿದ್ಯೆನಾ?" ಎಂದು ಹಿಡಿಗಳನ್ನು ತೋರಿಸಿಕೊಟ್ಟು ಟೀ ಕುಡಿಯಲು ಹೋದ. ಅದು ಅವನು ಮಾಡಿದ ಏಕೈಕ ತಪ್ಪು. ಮಿಕ್ಕವೆಲ್ಲ ನನ್ನವು.

ಮೊದಲ ಹಿಡಿ ಎಳೆದೆ. ಬಕೆಟ್ ಮಣ್ಣಿಗಿಳಿಯುವ ಬದಲು ಆಕಾಶಕ್ಕೆ ಏರಿ, ಬಟ್ಟೆ ಒಣಗಿಸುವ ತಂತಿಯನ್ನು ಕಿತ್ತಿತು. ಯಜಮಾನರ ಪಟಾಪಟಿ ಚಡ್ಡಿ ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಬಾವುಟದಂತೆ ಹಾರಾಡಿತು. ಬೇಲಿಯಾಚೆ ಜನ ಸೇರಿದರು.

"ಸಾಕ್ ಇಳಿಯಮ್ಮಿ, ಮಾನ ಓಯ್ತದೆ!" ಎಂದು ಯಜಮಾನರು ಕೂಗಿದರು.

ಇಳಿಯುತ್ತಿದ್ದೆ. ಅಷ್ಟರಲ್ಲಿ ಗುಂಡಿ ಕಣ್ಣಿಗೆ ಬಿತ್ತು. ಚೌಕವಾಗಿಲ್ಲ! ಗಣಿತದ ಟೀಚರ್ ಮನೆಯ ಗುಂಡಿ ಓರೆಯೇ? ಈ ಸಲ ಸರಿಯಾದ ಹಿಡಿ ಹುಡುಕಿ ಎಡಗಡೆ ಸ್ವಲ್ಪ ಕೆರೆದೆ. ಬಲಗಡೆ ಸಾಲದಾಯಿತು. ಬಲಗಡೆ ಕೆರೆದೆ. ಎಡಗಡೆ ಮತ್ತೆ ಕಮ್ಮಿ ಕಂಡಿತು. ಹೀಗೆ ನ್ಯಾಯ ಒದಗಿಸುತ್ತಾ ಹೋಗಿ ತಲೆಯೆತ್ತಿದರೆ, ಗುಂಡಿ ಈ ಬೇಲಿಯಿಂದ ಆ ಬೇಲಿಯವರೆಗೆ ಹಬ್ಬಿತ್ತು. ಮನೆ, ಗಂಡ, ಹೊರಹೋಗುವ ದಾರಿ ಎಲ್ಲ ಅತ್ತ. ನಾನೂ ಮರಿ ಜೆಸಿಬಿಯೂ ಇತ್ತ!

ನಾಗಣ್ಣ ಬಂದವನು ಸೊಂಟದ ಮೇಲೆ ಕೈಯಿಟ್ಟು ನಿಂತ. "ಅವ್ವಾರೆ, ಈಗ ಗಾಡೀನ ಎಗಲ್ ಮ್ಯಾಲೆ ಒತ್ಕಂಡೋಗ್ಲಾ?"

ಕೆಂಪಮ್ಮ ತನ್ನ ಏಣಿ ತಂದು ಗುಂಡಿಗೆ ಅಡ್ಡ ಹಾಕಿದಳು. ನಾನು ಮಂಡಿಯೂರಿ, ನೈಟಿ ಮುದುರಿಕೊಂಡು, ಊರ ಸಮಸ್ತರ ಸಮ್ಮುಖದಲ್ಲಿ ಅಂಬೆಗಾಲಿಟ್ಟು ಈಚೆ ಬಂದೆ. "ನಿದಿ ಸಿಕ್ತಾ ಟೀಚರ್?" ಎಂದು ಬೇಲಿಯಾಚೆಯಿಂದ ಯಾರೋ ಕೇಳಿದರು.

ಯಂತ್ರ ಹೊರಗೆ ಬರಲು ಒಂದೇ ದಾರಿಯಿತ್ತು. ನಾಗಣ್ಣ ಅದೇ ಏಣಿಯ ಮೇಲೆ ಆಚೆ ಹೋಗಿ, ತೋಡಿದ ಮಣ್ಣನ್ನೆಲ್ಲ ಗುಂಡಿಗೆ ತಳ್ಳಿ, ತುಳಿದು, ಅದರ ಮೇಲೇ ಗಾಡಿ ಓಡಿಸಿಕೊಂಡು ಬಂದ.

"ಇನ್ನೊಂದ್ಸಲ ತೋಡೋಣವಾ?" ಅಂದೆ ಮೆಲ್ಲಗೆ.

"ಮಳವಳ್ಳೀಲಿ ಕೆಲ್ಸ ಅದೆ, ಬತ್ತೀನಿ ಅವ್ವಾರೆ!" ತಿರುಗಿಯೂ ನೋಡದೆ ಹೋದ.

ಹಿತ್ತಿಲು ನುಣ್ಣಗಿತ್ತು. ಬಚ್ಚಲ ನೀರು ಎಂದಿನಂತೆ ಕೊಟ್ಟಿಗೆಯ ಕಡೆ ಹೊರಟಿತ್ತು. ಕೆಂಪಮ್ಮ ಒಂದು ನಿಮಿಷ ನನ್ನನ್ನು ನೋಡಿದಳು, ಒಂದು ನಿಮಿಷ ನೀರನ್ನು ನೋಡಿದಳು. ಆಮೇಲೆ ಗುದ್ದಲಿ ತಂದು, ನೆಲ ಕೆರೆದು ಕಾಲುವೆ ಮಾಡಿ, ನೀರನ್ನು ನಮ್ಮದೇ ಬಾಳೆಗಿಡಗಳ ಬುಡಕ್ಕೆ ತಿರುಗಿಸಿದಳು. ಹತ್ತೇ ನಿಮಿಷ!

"ಇಷ್ಟಕ್ಕೆ ಅಷ್ಟ್ ದೊಡ್ ಗಾಡಿ ಯಾಕವ್ವಾ ಬೇಕಿತ್ತು? ಓಗ್ಲಿ ಬುಡು, ಒಂದ್ ಲೋಟ ಕಾಪಿ ಕೊಡು."

ಒಳಗೆ ಹೋಗಿ ಬಹಳ ಶ್ರದ್ಧೆಯಿಂದ ಕಾಫಿ ಮಾಡಿ ತಂದುಕೊಟ್ಟೆ. ಅವಳು ಒಂದು ಗುಟುಕು ಕುಡಿದು ಮುಖ ಕಿವುಚಿದಳು.

ಸಕ್ಕರೆಯ ಬದಲು ಉಪ್ಪು ಹಾಕಿದ್ದೆ!