ಚಿನಕುರುಳಿಗೆ ಉಕ್ತಲೇಖನ

ಪರಪರ, ಪರಪರ. ಊಟದ ಮೇಜಿನ ಮೇಲೆ ರಬ್ಬರು ಕಾಗದವನ್ನು ಉಜ್ಜುವ ಸದ್ದು. ಉಜ್ಜುತ್ತಿದ್ದವಳು ಏಳನೇ ತರಗತಿಯ ನನ್ನ ಮಗಳು. (ಮಾತಿನಲ್ಲಿ ಪಟಪಟ ಸಿಡಿಯುವುದರಿಂದ ಮನೆಯಲ್ಲಿ ಅವಳನ್ನು ಚಿನಕುರುಳಿ ಎನ್ನುತ್ತೇವೆ.) ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚಾಗಿ, ಪುಟದ ನಡುವೆ ಒಂದು ಕಿಟಕಿಯೇ ತೆರೆದುಕೊಂಡಿತ್ತು.

"ಶುಕ್ರವಾರ ಉಕ್ತಲೇಖನ ಅಪ್ಪ. ಇಪ್ಪತ್ತೈದಕ್ಕೆ ಇಪ್ಪತ್ತು ಬಂದೋರು ಮಾತ್ರ ಶನಿವಾರ ಕೆರೆಗೆ ಹೋಗಿ ದೋಣಿ ಹತ್ತಬಹುದು. ಉಳಿದೋರಿಗೆ ಅವತ್ತೂ ಕ್ಲಾಸು."

ಅವಳು ಹುಟ್ಟಿದಾಗಿನಿಂದ ದೋಣಿ ಹತ್ತಿರಲಿಲ್ಲ.

"ನಾನಿಲ್ವಾ!" ಎಂದೆ. ನಾನು ಮುದ್ರಣಾಲಯದಲ್ಲಿ ಹದಿನೆಂಟು ವರ್ಷಗಳಿಂದ ಕರಡು ಓದುವವನು. ನಾನು ಹಸ್ತಪ್ರತಿಯನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದುತ್ತೇನೆ, ಎದುರಿಗೆ ಕುಳಿತವರು ಅಚ್ಚಿನ ಹಾಳೆ ನೋಡುತ್ತ ತಪ್ಪು ಹಿಡಿಯುತ್ತಾರೆ. ಸಾಕ್ಷಾತ್ ಸರಸ್ವತಿಯ ಆಸ್ಥಾನದ ವಂದಿಮಾಗಧ!

"ಬಿಡ್ರೀ, ನಾನೇ ಓದಿ ಹೇಳ್ತೀನಿ" ಎಂದಳು ಹೆಂಡತಿ. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ.

"ಡಾಕ್ಟರ ಚೀಟಿ ಓದೋದು ಬೇರೆ, ಇದು ಬೇರೆ."

"ಹೌದಪ್ಪ. ಅಲ್ಲಿ ತಪ್ಪಿದ್ರೆ ಜೀವ ಹೋಗುತ್ತೆ, ಇಲ್ಲಿ ದೋಣಿ ಹೋಗುತ್ತೆ, ಅಷ್ಟೇ."

ನಾನು ಕನ್ನಡಕ ಏರಿಸಿ, ಕಚೇರಿಯ ಗಾಂಭೀರ್ಯದಿಂದ ಆರಂಭಿಸಿದೆ: "ಇರುವೆಗಳು ಸಾಲಾಗಿ ಹೊರಟವು ಪೂರ್ಣವಿರಾಮ ಎಲೆ ಅಲ್ಪವಿರಾಮ ಕಡ್ಡಿ ಅಲ್ಪವಿರಾಮ ಕಾಳು ಪೂರ್ಣವಿರಾಮ ಅವುಗಳ ಭಾಷೆ, ಭ ಮಹಾಪ್ರಾಣ, ಷ ಹೊಟ್ಟೆ ಸೀಳಿದ್ದು..."

ಸೋಮವಾರ ಇಪ್ಪತ್ತೈದಕ್ಕೆ ಇಪ್ಪತ್ತೈದು! ಮಂಗಳವಾರ, ಬುಧವಾರ, ಗುರುವಾರವೂ ಅಷ್ಟೇ. ಹೆಂಡತಿ ಎಕ್ಸ್-ರೇ ಹಾಳೆಯಂತೆ ಪುಟಗಳನ್ನು ಬೆಳಕಿಗೆ ಹಿಡಿದು ನೋಡಿದಳು. "ಇದ್ದಕ್ಕಿದ್ದ ಹಾಗೆ ಹೇಗ್ರೀ?"

"ಬೋಧನಾ ಕಲೆ" ಎಂದೆ. ಎದುರು ಮನೆಯ ಹಲ್ಲಿನ ಡಾಕ್ಟರನ್ನು ಕರೆದು ತೋರಿಸಿದೆ. "ನೀವೊಂದು ಪುಸ್ತಕ ಬರೀಬೇಕು ಸಾರ್" ಎಂದರು. (ಅವರು ಹೋಗುವುದರೊಳಗೆ ನಾನು ಅರ್ಪಣೆಯ ಪುಟ ಮುಗಿಸಿದ್ದೆ.)

ಶುಕ್ರವಾರ ಸಂಜೆ ಚಿನಕುರುಳಿ ಬಂದು ಚೀಲವನ್ನು ಕುರ್ಚಿಗೆ ಎಸೆದಳು.

"ಎಷ್ಟು ಬಂತೇ?"

"ಏಳು."

"ಏಳಾ? ಹೇಗೆ?"

"ಮಿಸ್ಸು ಏನೂ ಹೇಳ್ಲೇ ಇಲ್ಲಪ್ಪ! ಅಲ್ಪವಿರಾಮ ಎಲ್ಲಿ ಅಂತ ಹೇಳಲ್ಲ, ಯಾವ ಷ ಅಂತ ಹೇಳಲ್ಲ. ಸುಮ್ನೆ ಓದ್ಕೊಂಡು ಹೋದ್ರು. ನಾನು ಕೈಯೆತ್ತಿ ಕೇಳಿದೆ. 'ಅದನ್ನೆಲ್ಲ ಯಾರಮ್ಮ ಹೇಳ್ತಾರೆ?' ಅಂದ್ರು. 'ನಮ್ಮಪ್ಪ' ಅಂದೆ. ಇಡೀ ಕ್ಲಾಸು ನಕ್ತು."

ಹೆಂಡತಿ ಅಡುಗೆಮನೆಗೆ ಓಡಿ ನಲ್ಲಿ ತಿರುಗಿಸಿದಳು. ನೀರಿನ ಸದ್ದಿಗಿಂತ ನಗುವಿನ ಸದ್ದೇ ಜೋರಾಗಿತ್ತು.

"ಹಾಗಾದ್ರೆ ದೋಣಿ...?" ಎಂದೆ.

"ಊಟ ಆದ್ಮೇಲೆ ಮಿಸ್ಸು ಮತ್ತೆ ಬರೆಸಿದ್ರು. 'ಚಿಹ್ನೆ ಮರೆತುಬಿಡು, ಕಥೆ ಕೇಳಿಸ್ಕೋ' ಅಂದ್ರು. ಇಪ್ಪತ್ತೊಂದು ಬಂತು. ನಾನು ನಾಳೆ ದೋಣಿಗೆ ಹೋಗ್ತೀನಿ. ನೀನು ಕ್ಲಾಸಿಗೆ ಬರ್ಬೇಕಂತೆ, ತಗೋ ಚೀಟಿ."

ಚೀಟಿಯಲ್ಲಿ ಒಂದೇ ಸಾಲು: ಮನೆಯಲ್ಲಿ ಪಾಠ ಹೇಳುವ ಪೋಷಕರು ಬೆಳಗ್ಗೆ ಒಂಬತ್ತಕ್ಕೆ ಪೆನ್ನಿನೊಂದಿಗೆ ಹಾಜರಾಗಬೇಕು.

ಅವಮಾನ ಅತ್ತ ಇರಲಿ, ನನಗೆ ಕುತೂಹಲ ತಡೆಯಲಾಗಲಿಲ್ಲ. "ಅಲ್ವೇ, ಯಾರೂ ಹೇಳದೆ ಎಲ್ಲಿ ನಿಲ್ಲಿಸ್ಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ದೀಪಸ್ತಂಭದ ಕಾವಲುಗಾರ ಮೆಟ್ಟಿಲು ಹತ್ತಿ ಹತ್ತಿ ಸುಸ್ತಾಗಿದ್ದ. ಅವನು ಉಸಿರು ಬಿಟ್ಟಲ್ಲೆಲ್ಲ ನಾನೂ ನಿಲ್ಲಿಸಿದೆ."

"ಯಾವ ಕಾವಲುಗಾರ?"

"ಅಯ್ಯೋ ಅಪ್ಪ! ಆರನೇ ಪಾಠ. ಮಂಗಳವಾರ ನೀನೇ ಓದಿದ್ಯಲ್ಲ!"

ಓದಿದ್ದೆ. ಹದಿನೆಂಟು ವರ್ಷಗಳಲ್ಲಿ ನಾನು ಓದಿದ ನೂರಾರು ಪುಸ್ತಕಗಳು ಒಮ್ಮೆಲೇ ತಿರುಗಿ ನನ್ನ ಮುಖ ನೋಡಿದಂತಾಯಿತು.

"ಅವನು ಮೇಲೆ ಯಾಕೆ ಹತ್ತಿದ?" ಎಂದೆ, ಮೆಲ್ಲಗೆ.

"ದೀಪ ಆರಿಹೋಗಿತ್ತು. ಸಮುದ್ರದಲ್ಲಿ ಅವನ ತಮ್ಮನ ಹಡಗು ಬರ್ತಿತ್ತು."

"ಆಮೇಲೆ? ದೀಪ ಹತ್ತಿತಾ? ತಮ್ಮ ಬಂದ್ನಾ?"

ಹೊರಗೆ ಗೆಳತಿಯ ಸೈಕಲ್ಲು ಗಂಟೆ ಬಾರಿಸಿತು. ಚಿನಕುರುಳಿ ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಇನ್ನೊಂದನ್ನು ಕೈಯಲ್ಲೇ ಹಿಡಿದು, ಮೆಟ್ಟಿಲಿಳಿದು ಹೊರಟೇಹೋದಳು.

"ಹೇಳೇ, ತಮ್ಮ ಬಂದ್ನಾ?"