ಬೋರ್ಡಿನ ಮೇಲಿನ ವಾಕ್ಯ ಯಾರಿಗೆ?

ಸೀಮೆಸುಣ್ಣ ಹಿಡಿದವನಿಗೆ ಎದುರಿಗಿರುವವರೆಲ್ಲ ತಪ್ಪು ಮಾಡುವವರ ಹಾಗೆಯೇ ಕಾಣುತ್ತಾರೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನನಗೆ ನಿವೃತ್ತಿಯಾದ ಮೇಲೂ ಈ ಕಾಯಿಲೆ ವಾಸಿಯಾಗಿಲ್ಲ. ಸಾತನೂರಿನ ಪಕ್ಕದ ನಮ್ಮ ಪುಟ್ಟ ಚರ್ಚಿನ ಬಾಗಿಲಲ್ಲಿ ಒಂದು ಕರಿಹಲಗೆ ಇದೆ. ಪ್ರತಿ ಶನಿವಾರ ಅದರ ಮೇಲೆ ಬೈಬಲಿನಿಂದ ವಾರದ ವಾಕ್ಯ ಬರೆಯುವುದು ನನ್ನ ಸೇವೆ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಆ ಮುತ್ತುಗಳನ್ನು ಏಳು ತಿಂಗಳಿಂದ ದಾನಿಯೇಲಪ್ಪನಿಗೆ ಗುರಿಯಿಟ್ಟು ಎಸೆಯುತ್ತಿದ್ದೇನೆ ಎಂಬುದು ನನಗೂ ಅವನಿಗೂ ಮಾತ್ರ ಗೊತ್ತು ಎಂದುಕೊಂಡಿದ್ದೆ.

ದಾನಿಯೇಲಪ್ಪ ಡೇರಿಯಲ್ಲಿ ಹಾಲು ಅಳೆಯುವವನು, ನನ್ನ ಬಾಲ್ಯದ ಗೆಳೆಯ. ನಮ್ಮ ಜಗಳ ಹುಟ್ಟಿದ್ದು ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದಲ್ಲಿ. ರೋಗರುಜಿನದ ಕಾಲ, ದ್ರಾಕ್ಷಾರಸವನ್ನು ತಲೆಗೊಂದು ಸಣ್ಣ ಲೋಟದಲ್ಲಿ ಕೊಡೋಣ ಎಂದೆ ನಾನು. "ಅಪ್ಪನ ಕಾಲದಿಂದ ಒಂದೇ ಬಟ್ಟಲಲ್ಲಿ ಕುಡ್ಕೊಂಡ್ ಬಂದಿವ್ನಿ ಕಣ್ಲಾ. ಈಗ ನನ್ನ ಎಂಜಲು ನಿಂಗೆ ಅಸಹ್ಯ ಆಗೋಯ್ತಾ?" ಎಂದು ಅವನು ಎಲ್ಲರೆದುರು ಕೇಳಿದ. ನಾನು "ಹೂಂ" ಎಂದುಬಿಟ್ಟೆ. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು. ನಾವೆಲ್ಲ ಒಂದೇ ಎಂದು ತೋರಿಸುವ ಊಟಕ್ಕೇ ಚರ್ಚು ಎರಡು ಪಕ್ಷವಾಯಿತು. ಎಡಗಡೆ ಬೆಂಚಿನಲ್ಲಿ ಬಟ್ಟಲಿನವರು, ಬಲಗಡೆ ಲೋಟದವರು. ಪಾಸ್ಟರ್ ಅಯ್ಯನವರು ಬಟ್ಟಲು, ಲೋಟ ಎರಡನ್ನೂ ಮೇಜಿನ ಮೇಲಿಟ್ಟು ಸಂಭಾಳಿಸುತ್ತಿದ್ದರು.

ಆಮೇಲೆ ನನ್ನ ಸೀಮೆಸುಣ್ಣಕ್ಕೆ ಹೊಸ ಹುರುಪು ಬಂತು. ಒಂದು ವಾರ ಕೋಪಿಷ್ಠರ ಕುರಿತ ವಾಕ್ಯ, ಇನ್ನೊಂದು ವಾರ ಗರ್ವಿಷ್ಠರ ಕುರಿತದ್ದು. ಹೋದ ತಿಂಗಳ ಒಂದು ಶನಿವಾರವಂತೂ, ಕಾಣಿಕೆ ತಂದವನಿಗೆ ಸಹೋದರನ ಮುನಿಸು ನೆನಪಾದರೆ ಮೊದಲು ಹೋಗಿ ರಾಜಿಯಾಗಿ ಬರಲಿ ಎಂಬ ಅರ್ಥದ್ದನ್ನು ದಪ್ಪಕ್ಷರದಲ್ಲಿ ಬರೆದು, "ಮೊದಲು" ಎಂಬುದರ ಕೆಳಗೆ ಗೀಟು ಎಳೆದು, ದಾನಿಯೇಲಪ್ಪನ ದಾರಿ ಕಾಯುತ್ತ ಕೂತೆ.

ಅಯ್ಯನವರು ತಿಂಗಳಿಗೊಮ್ಮೆ ಕನಕಪುರದಿಂದ ಬರುತ್ತಾರೆ. ನಮ್ಮ ಆರಾಧನೆ ಮುಗಿಸಿ ಹನ್ನೊಂದೂವರೆ ಬಸ್ಸಿಗೆ ಉಯ್ಯಂಬಳ್ಳಿಯ ಆರಾಧನೆಗೆ ಹೋಗಬೇಕು. ಆ ಭಾನುವಾರ ಅವರು ರೊಟ್ಟಿಯ ಮೇಲಿನ ಬಿಳಿ ಬಟ್ಟೆಯನ್ನು ತೆಗೆಯಲೇ ಇಲ್ಲ. "ಇವತ್ತು ಉಪದೇಶ ಇಲ್ಲ. ಅದು ಬೋರ್ಡ್ ಮೇಲೇ ಇದೆ. ಯಾರಿಗೆ ಸೇರಬೇಕೋ ಅವರು ಎದ್ದು ಹೋಗಿ ಕೈ ಹಿಡೀಲಿ. ಅಲ್ಲೀವರೆಗೂ ಈ ಬಟ್ಟೆ ತೆಗೆಯೋದಿಲ್ಲ," ಎಂದು ಕುರ್ಚಿಯಲ್ಲಿ ಕೂತುಬಿಟ್ಟರು.

ಆಗ ಹನ್ನೊಂದು ಗಂಟೆ. ನಾನು ದಾನಿಯೇಲಪ್ಪನನ್ನು ನೋಡಿದೆ. ಅವನು ಫ್ಯಾನು ನೋಡುತ್ತಿದ್ದ. ಹನ್ನೊಂದು ಹತ್ತಾಯಿತು. ನಾನು ಗಡಿಯಾರ ನೋಡಿದೆ, ಪಕ್ಕದಲ್ಲಿ ಕೂತಿದ್ದ ಅವ್ವನನ್ನು ನೋಡಿದೆ. ಮಾರನೆಯ ದಿನ ಅವಳಿಗೆ ಹೊಟ್ಟೆಯ ಆಪರೇಷನ್. ಎಂಬತ್ತನಾಲ್ಕರ ಜೀವ, ಡಾಕ್ಟರೂ ಭರವಸೆ ಕೊಟ್ಟಿರಲಿಲ್ಲ. "ಭೋಜನ ತಕ್ಕೊಂಡೇ ಹೋಯ್ತೀನಿ, ಆಮ್ಯಾಕೆ ಏನಾರಾ ಆಗ್ಲಿ," ಎಂದು ಹಠ ಹಿಡಿದು, ಬೆಳಗ್ಗೆಯಿಂದ ಕಾಫಿಯನ್ನೂ ಮುಟ್ಟದೆ ಬಂದಿದ್ದಳು. ಬಸ್ಸು ಬಂದರೆ ಅಯ್ಯನವರು ಹೊರಡುತ್ತಾರೆ, ಅವ್ವ ಬರಿಬಾಯಲ್ಲಿ ಆಸ್ಪತ್ರೆಗೆ ಹೋಗುತ್ತಾಳೆ. ಇಷ್ಟು ತಿಳಿದೂ ನಾನು ಏಳಲಿಲ್ಲ. ನಾಚಿಕೆಗೆಟ್ಟವನು, ಅವನೇ ಮೊದಲು ಏಳುವಂತೆ ಮಾಡಪ್ಪಾ ಎಂದು ದೇವರನ್ನು ಬೇಡುತ್ತಿದ್ದೆ.

ಹನ್ನೊಂದು ಇಪ್ಪತ್ತಕ್ಕೆ ಅವ್ವ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಲೋ ಮೇಷ್ಟ್ರೇ, ಬರ್ದೋನೇ ಕುಂತವ್ನೆ. ಓದ್ದೋರು ಯಾಕೆ ಎದ್ದಾರು?"

ಎದ್ದೆ. ಬೆಂಚಿನಿಂದ ಬೆಂಚಿಗೆ ಆರೇ ಹೆಜ್ಜೆ. ಮೂರನೆಯದಕ್ಕೇ ದಾನಿಯೇಲಪ್ಪ ಎದುರಾದ. ಅವನ ಕಣ್ಣು ತುಂಬಿತ್ತು. "ತಪ್ಪಾಯ್ತು ಕಣ್ಲಾ," ಎಂದೆ. "ಆಯ್ತು ಬುಡ್ಲಾ, ಮೊದ್ಲು ಅವ್ವಂಗೆ ಕೊಡ್ಸು," ಎಂದು ಕೈ ಹಿಡಿದ. ಬಟ್ಟೆ ಸರಿಯಿತು. ಅವ್ವ ರೊಟ್ಟಿ ತೆಗೆದುಕೊಂಡು ಕಣ್ಣು ಮುಚ್ಚಿದಾಗ ನನಗೂ ಅಳು ಬಂತು. ಆಮೇಲೆ ಅವನು ನನಗೋಸ್ಕರ ಸಣ್ಣ ಲೋಟ ತೆಗೆದುಕೊಂಡ. ನಾನು ಅವನಿಗೋಸ್ಕರ ದೊಡ್ಡ ಬಟ್ಟಲಿಗೆ ಬಾಯಿಟ್ಟೆ. ರಾಜಿಯಾದ ದಿನವೂ ನಾವು ಒಂದೇ ಪಾತ್ರೆಯಲ್ಲಿ ಕುಡಿಯಲಿಲ್ಲ.

ಅವ್ವ ಈಗ ಮನೆಗೆ ಬಂದಿದ್ದಾಳೆ, ಗಂಜಿಗೆ ಉಪ್ಪಿಲ್ಲ ಎಂದು ಗದರುವಷ್ಟು ಚೇತರಿಸಿಕೊಂಡಿದ್ದಾಳೆ. ಮೊನ್ನೆ ಶನಿವಾರ ನಾನು ಬೋರ್ಡು ಬರೆಯಲು ಸ್ಟೂಲು ಹತ್ತಿದಾಗ ಅದನ್ನು ಅಲ್ಲಾಡದಂತೆ ಹಿಡಿದುಕೊಂಡವನು ದಾನಿಯೇಲಪ್ಪನೇ. ಈ ವಾರದ ವಾಕ್ಯ ನೀನೇ ಹೇಳು ಎಂದೆ. "ನಾಲಿಗೆಗೆ ಕಡಿವಾಣ ಹಾಕೋದು ಐತಲ್ಲ, ಅದನ್ನೇ ಬರಿ," ಎಂದ. ಬರೆದೆ. ಇದು ಯಾರಿಗಪ್ಪಾ ಎಂದು ಕೇಳಲು ಬಾಯಿ ತೆರೆದವನು, ಈಗ ತಾನೇ ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡು ಮುಚ್ಚಿದೆ.